ನರ್ಸಮ್ಮನ ಬಿನ್ನವತ್ತಳೆ

ಮೊದಲ ಪ್ರೂಫಿನಲ್ಲಿ ನರ್ಸಮ್ಮ ಕೆರೆಯ ಹೂಳೆತ್ತಿಸಿದ್ದರು.

ಶಾಗ್ಯದ ಪಟೇಲರು ಕನ್ನಡಕವನ್ನು ಮೂಗಿನ ತುದಿಗೆ ತಂದುಕೊಂಡು ಆ ಸಾಲನ್ನು ಮತ್ತೆ ಓದಿದರು. 'ಈ ಭಾಗದ ಕೆರೆಕಟ್ಟೆಗಳ ಹೂಳೆತ್ತಿಸಿ ರೈತಾಪಿ ಜನರ ಕಣ್ಮಣಿಗಳಾಗಿರುವ ತಾವು' ಎಂದಿತ್ತು. ಅವರು ನಗಲಿಲ್ಲ. ಹಾಳೆಯನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ನೀವಿದರು.

"ಅಲ್ಲ ಕಣಪ್ಪ, ನಮ್ಮ ನರ್ಸಮ್ಮ ಕೂಸು ಈಚ್ಗೆ ತಗುದ್ರು, ಸರಿ. ಕೆರೆ ಯಾವಾಗ ತಗುಸುದ್ರು?"

ಕೊಳ್ಳೇಗಾಲದ ಆ ಪ್ರೆಸ್ಸಿನಲ್ಲಿ ಬಿನ್ನವತ್ತಳೆಯನ್ನು ಯಾರೂ ಬರೆಯುತ್ತಿರಲಿಲ್ಲ. ಜೋಡಿಸಿದ ಅಚ್ಚಿನ ಮೊಳೆಗಳಿಗೆ ದಾರ ಸುತ್ತಿ, ಕೆಲವು ಬಿನ್ನವತ್ತಳೆಗಳನ್ನು ಇಡಿಯಾಗಿ ಹಲಗೆಗಳ ಮೇಲೆ ಮಲಗಿಸಿಟ್ಟಿದ್ದೆವು. ಯಜಮಾನರು ಅವಕ್ಕೆ ಹೆಸರಿಟ್ಟಿದ್ದರು: ತಹಸೀಲ್ದಾರು, ಓವರ್‌ಸಿಯರು, ಹೆಡ್ಮಾಸ್ಟರು. ಗಿರಾಕಿ ಬಂದರೆ ಒಂದು ಹಲಗೆಯನ್ನು ಕೆಳಗಿಳಿಸಿ, ಹೆಸರು, ಹುದ್ದೆ, ಊರು ಕಿತ್ತು ಬೇರೆಯದನ್ನು ಕೂರಿಸುವುದು. ಉಳಿದ ಹೊಗಳಿಕೆ ಎಲ್ಲರಿಗೂ ಒಂದೇ. ಅದು ಸೋಮಾರಿತನವೇನಲ್ಲ. ನಮ್ಮಲ್ಲಿ ಕನ್ನಡದ ಮೊಳೆ ಕಡಿಮೆ. ಕೊಳ್ಳೇಗಾಲ ಮದರಾಸು ರಾಜ್ಯದಲ್ಲಿದ್ದಷ್ಟು ಕಾಲ ಪ್ರೆಸ್ಸಿಗೆ ಬೇಕಾಗಿದ್ದುದು ತಮಿಳು, ಇಂಗ್ಲಿಷು. ಮೈಸೂರಿಗೆ ಸೇರಿದ ಮೇಲೆ ಮದುವೆ ಕಾಗದದಿಂದ ಹಿಡಿದು ಜಾತ್ರೆಯ ಕರಪತ್ರದವರೆಗೆ ಎಲ್ಲರೂ ಕನ್ನಡ ಕೇಳತೊಡಗಿದರು. ಯಜಮಾನರು ಮೈಸೂರಿನಲ್ಲಿ ಮುಚ್ಚಿಹೋದ ಒಂದು ಪ್ರೆಸ್ಸಿನಿಂದ ಸವೆದ ಮೊಳೆಗಳನ್ನು ಗೋಣಿಚೀಲದಲ್ಲಿ ತಂದಿದ್ದರು. ಒಮ್ಮೆ ಜೋಡಿಸಿದ್ದನ್ನು ಒಡೆದು ಮತ್ತೆ ಜೋಡಿಸುವುದೆಂದರೆ ಅರ್ಧ ದಿನ ಹೋಯಿತೆಂದೇ ಲೆಕ್ಕ.

ನಾನು ನರ್ಸಮ್ಮನಿಗೆ ಓವರ್‌ಸಿಯರನ್ನು ಕೊಟ್ಟಿದ್ದೆ. ಹುದ್ದೆ ಬದಲಿಸಿ ಕೆರೆಯನ್ನು ಮರೆತಿದ್ದೆ.

ನರ್ಸಮ್ಮ ಎಂದರೆ ಹನೂರಿನ ಹೆರಿಗೆ ಆಸ್ಪತ್ರೆಯ ನರ್ಸಮ್ಮ. ಮದರಾಸಿನ ಕಾಲದಲ್ಲಿ ಬಂದವರು, ತಮಿಳಿನವರು. ರಾಜ್ಯ ಬದಲಾದ ಮೇಲೂ ಕೆಲವು ವರ್ಷ ಅಲ್ಲೇ ಉಳಿದು, ಈಗ ತಮ್ಮ ಕಡೆಗೆ ವರ್ಗ ಮಾಡಿಸಿಕೊಂಡು ಹೊರಟಿದ್ದರು. ಅಲ್ಲಿಯವರೆಗೆ ನಮ್ಮ ಸೀಮೆಯಲ್ಲಿ ಬಿನ್ನವತ್ತಳೆ ಅರ್ಪಿಸುತ್ತಿದ್ದುದು ಮೇಲಧಿಕಾರಿಗಳಿಗೆ. ಒಬ್ಬ ನರ್ಸಿಗೆ, ಅದೂ ರೇಷ್ಮೆ ಬಟ್ಟೆಯ ಮೇಲೆ ಅಚ್ಚು ಹಾಕಿಸಿ ಕೊಡಬೇಕೆಂದು ಹಳ್ಳಿಯವರು ಕೇಳಿಕೊಂಡು ಬಂದದ್ದು ಅದೇ ಮೊದಲು. ರೇಷ್ಮೆ ಕೊಟ್ಟವರು ಕೊಳ್ಳೇಗಾಲದ ಒಬ್ಬ ಸಾಹುಕಾರರು. ಅವರ ಮೊದಲ ಮೊಮ್ಮಗ ಹುಟ್ಟಿದ್ದು ನರ್ಸಮ್ಮನ ಕೈಯಲ್ಲಿ.

ಆ ಸಾಹುಕಾರರಿಗೂ ನನಗೂ ಬೇರೆ ಒಂದು ಮಾತಾಗಿತ್ತು. ಸೇಲಂನಲ್ಲಿ ಅವರ ರೇಷ್ಮೆ ನೂಲಿನ ಹೊಸ ಅಂಗಡಿ ಏಳುತ್ತಿತ್ತು. ತಮಿಳು, ಕನ್ನಡ, ಇಂಗ್ಲಿಷು ಮೂರರಲ್ಲೂ ಕಾಗದ ಬರೆಯಬಲ್ಲ ಒಬ್ಬನನ್ನು ಅವರು ಹುಡುಕುತ್ತಿದ್ದರು. ನಾನು ಮದರಾಸಿನ ಪಠ್ಯ ಓದಿ ಬೆಳೆದವನು, ಮೂರೂ ಬರುತ್ತಿದ್ದವು. ಪ್ರೆಸ್ಸಿನ ಸಂಬಳವನ್ನು ಆ ಸಂಬಳದ ಪಕ್ಕದಲ್ಲಿಟ್ಟರೆ ನಗು ಬರುವಂತಿತ್ತು. ಇರುವುದಕ್ಕೆ ಕೋಣೆ, ಊಟ ಬೇರೆ. ನಾನು ಹೂಂ ಎಂದಾಗಿತ್ತು. ನರ್ಸಮ್ಮನ ಬೀಳ್ಕೊಡುಗೆಯ ದಿನ ಸಂಜೆ ಸಾಹುಕಾರರ ಕಾರು ಸೇಲಂಗೆ ಹೊರಡುವುದು, ದೀಪ ಹಚ್ಚುವ ಮುಂಚೆ ನಾನು ಪೆಟ್ಟಿಗೆ ಸಮೇತ ಅವರ ಬಾಗಿಲಲ್ಲಿರುವುದು ಎಂದು ಮಾತು. ಬಿನ್ನವತ್ತಳೆ ಪ್ರೆಸ್ಸಿನಲ್ಲಿ ನನ್ನ ಕೊನೆಯ ಕೆಲಸವಾಗಬೇಕಿತ್ತು.

ಹಾಗಾದರೆ ಪ್ರೆಸ್ಸಿನಲ್ಲಿ ನನ್ನನ್ನು ಹಿಡಿದಿಟ್ಟಿದ್ದು ಏನು? ಈಗ ಉತ್ತರ ಹೇಳುವುದು ಸುಲಭ. ಸುಲಭವಾದದ್ದರಿಂದಲೇ ನಂಬಿಕೆ ಬರುವುದಿಲ್ಲ. ಆಗ ನಾನು ಪದ್ಯಗಳನ್ನು ಬರೆಯುತ್ತಿದ್ದೆ. ಪ್ರಾಸವಿಲ್ಲದವು, ಕೆಲವು ಕಡೆ ಕ್ರಿಯಾಪದವೂ ಇಲ್ಲದವು. ಮೈಸೂರಿನ, ಬೆಂಗಳೂರಿನ ಪತ್ರಿಕೆಗಳು ಅವನ್ನು ತಪ್ಪದೆ ಹಿಂದಕ್ಕೆ ಕಳಿಸುತ್ತಿದ್ದವು. ಸೀಸದ ಅಕ್ಷರಗಳನ್ನು ಕೈಯಲ್ಲಿ ಹಿಡಿದು ಕೂತರೆ ಬರವಣಿಗೆಗೆ ಹತ್ತಿರದಲ್ಲಿದ್ದೇನೆ ಅನ್ನಿಸುತ್ತಿತ್ತು. ಬೇರೆಯವರ ಮದುವೆಯ ಮುಹೂರ್ತ ಜೋಡಿಸುವಾಗಲೂ.

ಭಾನುವಾರಗಳಲ್ಲಿ ಯಳಂದೂರಿಗೆ ಅಕ್ಕನ ಮನೆಗೆ ಊಟಕ್ಕೆ ಹೋಗುತ್ತಿದ್ದೆ. ಅಕ್ಕ ಬಡಿಸುತ್ತಲೇ ನನ್ನ ಜಾತಕ ಬಿಡಿಸುತ್ತಿದ್ದಳು. ಸೇಲಂ ವಿಷಯ ತಿಳಿದ ಮೇಲೆ ಅವಳ ಕೈ ಧಾರಾಳವಾಗಿತ್ತು, ತುಪ್ಪವೂ ಬಿತ್ತು. ನಾನು ಹೋಗಲೋ ಬೇಡವೋ ಎಂಬಂತೆ ಏನೋ ಗೊಣಗಿರಬೇಕು. ಅವಳು ಸೌಟನ್ನು ಪಾತ್ರೆಗೆ ಬಿಟ್ಟು ನನ್ನೆದುರು ಕೂತಳು.

"ನೀ ಬರ್ದುದ್ನ ಓದೋರು ಯಾರ್ಲಾ? ಪೇಪರ್ನೋರೇ ಕವರ್ಗಾಕಿ ವಾಪಸ್ ಕಳುಸ್ತಾವ್ರ. ಸಾಹುಕಾರ್ರು ಕರುದು ಕೊಡ್ತಾವ್ರ, ನೀನು ಆ ಸೀಸದ ಚೂರ ಬಾಣ್ತಿ ಕೂಸ್ ನೋಡ್ದಂಗೆ ನೋಡ್ಕಂಡ್ ಕೂತಿದ್ದಯ್. ಓಗು. ಓಗಿ ಮನುಷ್ಯ ಆಗು."

ನಾನು ಅನ್ನ ಕಲಸಿ ಉಂಡೆ. ತುಪ್ಪ ಚೆನ್ನಾಗಿತ್ತು.

ಪಟೇಲರ ಮಾತಿಗೆ ಹಿಂತಿರುಗುತ್ತೇನೆ. ಕೆರೆಯ ಸಾಲನ್ನು ಕಿತ್ತು 'ರೋಗಿಗಳ ಸೇವೆಗೈದು' ಎಂದು ಕೂರಿಸಿದರೆ ಕೆಲಸ ಮುಗಿಯುತ್ತಿತ್ತು. ಪಟೇಲರೂ ಅಷ್ಟನ್ನೇ ಕೇಳಿದ್ದರು. ನಾನೇ, ಹೊಸದಾಗಿ ಬರೆದುಕೊಡುತ್ತೇನೆ ಎಂದೆ. ಬಾಯಿ ತಪ್ಪಿ ಬಂದ ಮಾತು. ಅಂದು ಕೂತು ಬರೆದದ್ದನ್ನು ಓದಿ ನೋಡಿಕೊಂಡರೆ, ಕರುಣಾಮಯಿ, ಸೇವಾಮೂರ್ತಿ, ಮಾತೃಹೃದಯಿ. ಇನ್ನೊಂದು ಹಲಗೆಗೆ ಲಾಯಕ್ಕಾದ ಹೊಗಳಿಕೆ. ಪದ್ಯದಲ್ಲಿ ಅಷ್ಟೆಲ್ಲ ಮುರಿದು ಕಟ್ಟುತ್ತಿದ್ದವನಿಗೆ, ಒಬ್ಬ ಹೆಂಗಸು ಏನು ಮಾಡಿದಳು ಎಂದು ಹೇಳಲು ಒಂದು ವಾಕ್ಯ ಬರಲಿಲ್ಲ. ನಾನು ನರ್ಸಮ್ಮನನ್ನು ನೋಡಿಯೂ ಇರಲಿಲ್ಲ.

ಆದ್ದರಿಂದ ಶಾಗ್ಯಕ್ಕೆ ಹೋದೆ. ಹನೂರಿನವರೆಗೆ ಬಸ್ಸು, ಮುಂದೆ ಗಾಡಿ ಸಿಕ್ಕರೆ ಗಾಡಿ. ಪಟೇಲರ ಜಗಲಿಯಲ್ಲಿ ಹೆಂಗಸರು ಸೇರಿದರು. ಮೊದಮೊದಲು ಎಲ್ಲರದೂ ಒಂದೇ ಮಾತು, ದ್ಯಾವ್ರಂಥೋರು ಕಣ್ರಿ, ದ್ಯಾವ್ರಂಥೋರು. ನಾನು ತಂದಿದ್ದ ಕಾಗದ ಬಿಳಿಯಾಗಿಯೇ ಉಳಿಯಿತು. ಆಮೇಲೆ ಒಬ್ಬ ಮುದುಕಿ, ಆ ನರ್ಸಮ್ಮ ಬಯ್ಯುವ ಬೈಗುಳವನ್ನು ಮೊದಲು ಬರೆದುಕೊಳ್ಳಿ, ಅದು ಯಾವ ದೇವರಿಗೂ ಬರುವುದಿಲ್ಲ ಎಂದಳು. ಎಲ್ಲರೂ ನಕ್ಕರು. ಅಲ್ಲಿಂದ ಮಾತು ಸಡಿಲವಾಯಿತು. ನರ್ಸಮ್ಮ ಕತ್ತರಿ ಕುದಿಸಲು ಅನ್ನದ ಮಡಕೆಯನ್ನೇ ಎಳೆದುಕೊಂಡದ್ದು, ಮೈಲಿಗೆಯಾಯಿತೆಂದು ಅತ್ತೆ ಆ ಮಡಕೆಯನ್ನು ತಿಪ್ಪೆಗೆ ಹೊತ್ತು ಹಾಕಿ ಒಡೆದದ್ದು. ಹಳ್ಳ ತುಂಬಿದ ದಿನ ಸೀರೆ ಎತ್ತಿ ಕಟ್ಟಿ, ಚಪ್ಪಲಿಯನ್ನು ಬಾಯಲ್ಲಿ ಕಚ್ಚಿಕೊಂಡು, ಕೈಚೀಲವನ್ನು ತಲೆಯ ಮೇಲಿಟ್ಟು ದಾಟಿದ್ದು. ಬಾಣಂತಿಗೆ ನೀರು ಕೊಡದ ಗಂಡನನ್ನು ಬೀದಿಯಲ್ಲಿ ನಿಲ್ಲಿಸಿ ಬೈದದ್ದು. ಆ ಗಂಡ ಜಗಲಿಯ ಮೂಲೆಯಲ್ಲೇ ಕೂತಿದ್ದ. ತಲೆ ತಗ್ಗಿಸಿ, ಸಂತೋಷದಿಂದ ನಗುತ್ತಿದ್ದ.

ಒಬ್ಬಳು ಕೂತಿರಲಿಲ್ಲ. ಕಂಬ ಹಿಡಿದು ನಿಂತಿದ್ದಳು. ಉಳಿದವರ ಮಾತೆಲ್ಲ ಮುಗಿಯುತ್ತ ಬಂದಾಗ, ಯಾರ ಕಡೆಗೂ ನೋಡದೆ ಹೇಳಿದಳು.

"ನಂದು ಉಳೀನಿಲ್ಲ. ಆದ್ರೂವೆ ಅವ್ರು ಎದ್ದೋಗ್ನಿಲ್ಲ."

ಪಟೇಲರ ಹೆಂಡತಿ ಎಲ್ಲರಿಗೂ ಮಜ್ಜಿಗೆ ತಂದರು. ಮಾತು ಅಲ್ಲಿಗೆ ನಿಂತಿತು. ನಾನು ಆ ಮಾತನ್ನು ಬರೆದುಕೊಂಡೆ. ಅವಳ ಮುಖ ಈಗ ನೆನಪಿಲ್ಲ. ಕಂಬ ಹಿಡಿದಿದ್ದ ಕೈ ನೆನಪಿದೆ ಎನ್ನಬಹುದಿತ್ತು. ಅದೂ ಆಮೇಲೆ ನಾನು ಸೇರಿಸಿಕೊಂಡದ್ದಿರಬಹುದು.

ಕೊಳ್ಳೇಗಾಲಕ್ಕೆ ಬಂದು ಬರೆದೆ. ಬರೆದದ್ದು ಬಿನ್ನವತ್ತಳೆಯ ಹಾಗೆ ಕಾಣಲಿಲ್ಲ. 'ನಮ್ಮ ಅನ್ನದ ಮಡಕೆಯಲ್ಲಿ ಕತ್ತರಿ ಕುದಿಸಿದಿರಿ. ನಾವು ಮಡಕೆ ಒಡೆದೆವು. ಕೂಸು ಉಳಿಯಿತು.' ಹೀಗೆ ಸಾಗಿತ್ತು. ಕೊನೆಯ ಹೊತ್ತಿಗೆ ಬರುವ ಸಾಲು: 'ಉಳಿಯದ ಕೂಸಿನ ಪಕ್ಕದಲ್ಲೂ ನೀವು ಎದ್ದು ಹೋಗದೆ ಕೂತಿದ್ದಿರಿ.'

ಜೋಡಿಸಲು ಕೂತರೆ ಮೊಳೆ ಸಾಲದು. ಅರ್ಧ ಬಿನ್ನವತ್ತಳೆಗೇ ಮೊಳೆ ಇಡುವ ಕೇಸಿನ ಗೂಡುಗಳು ಖಾಲಿಯಾಗಿದ್ದವು. ಯಜಮಾನರಿಗೆ ತೋರಿಸಿದೆ. ಅವರು ಕೊಯಮತ್ತೂರಿನಲ್ಲಿ ಕೆಲಸ ಕಲಿತು ಬಂದ ಮನುಷ್ಯ, ಮಾತು ಕಡಿಮೆ. ನನ್ನ ಕಾಗದವನ್ನು ಓದಿದರು. ಹಲಗೆಗಳ ಕಡೆ ನೋಡಿದರು. ಅಲ್ಲಿ ಮಲಗಿದ್ದುದು ಅವರ ಬಂಡವಾಳ. ವರ್ಗಾವಣೆಯ ಕಾಲದಲ್ಲಿ ಪ್ರೆಸ್ಸಿನ ಒಲೆ ಉರಿಯುತ್ತಿದ್ದುದೇ ಅದರಿಂದ.

"ತಹಸೀಲ್ದಾರ್ನ ಒಡೀಬೇಕಾಯ್ತದ," ಎಂದರು. ಆ ಹಲಗೆಯನ್ನು ತಾವೇ ಕೆಳಗಿಳಿಸಿ, "ಒಡಿ. ಅವ್ನೂ ಎಷ್ಟ್ ದಿನ ಅಂತ ಮಲ್ಗಿರ್ತಾನ."

ದಾರ ಬಿಚ್ಚಿದೆ. ದಕ್ಷರು, ಪ್ರಾಮಾಣಿಕರು, ನಿಗರ್ವಿಗಳು ಒಬ್ಬೊಬ್ಬರಾಗಿ ಗೂಡುಗಳಿಗೆ ಹಿಂದಿರುಗಿದರು. ಆದರೂ ಪೂರ್ತಿ ಸಾಲಲಿಲ್ಲ. ಅಧಿಕಾರಿಯ ಹೊಗಳಿಕೆಗೆ ಬೇಕಾದ ಮೊಳೆ ಬೇರೆ, ಜಗಲಿಯ ಮಾತಿಗೆ ಬೇಕಾದ ಮೊಳೆ ಬೇರೆ. ಹೆಡ್ಮಾಸ್ಟರನ್ನೂ ಒಡೆದೆವು. ಯಜಮಾನರು ನನ್ನ ಪಕ್ಕದಲ್ಲೇ ನಿಂತು ಮೊಳೆ ಎತ್ತಿಕೊಟ್ಟರು. ಕೆಲವು ಕಡೆ ವಾಕ್ಯ ಕತ್ತರಿಸಿದೆ, ಕೆಲವು ಕಡೆ ಮಾತು ಬದಲಿಸಿದೆ. ಕೈಯಲ್ಲಿ ಬರೆದದ್ದಕ್ಕಿಂತ ಸೀಸದಲ್ಲಿ ಬರೆದದ್ದು ಬಿಗಿಯಾಯಿತು. ಆ ದಿನಗಳಲ್ಲಿ ನಾನು ಊಟಕ್ಕೆ ಏಳುತ್ತಿದ್ದುದು ಯಜಮಾನರು ದೀಪದ ಬತ್ತಿ ಇಳಿಸುತ್ತೇನೆಂದು ಹೆದರಿಸಿದಾಗ ಮಾತ್ರ. ಅಂಥ ದಿನಗಳು ಆಮೇಲೆ ನನಗೆ ಎಷ್ಟು ಸಿಕ್ಕವು? ಲೆಕ್ಕ ಹಾಕಲು ಮನಸ್ಸಾಗುವುದಿಲ್ಲ.

ಎರಡನೆಯ ಪ್ರೂಫಿಗೆ ಪಟೇಲರು ಬಂದರು. ಇದು ಬಿನ್ನವತ್ತಳೆಯ ಹಾಗಿಲ್ಲವಲ್ಲ, 'ಮಾನ್ಯರೇ' ಎಲ್ಲಿ ಎಂದು ಹುಡುಕಿದರು. ಮಡಕೆಯ ಸಾಲಿಗೆ ಬಂದಾಗ ಮೀಸೆಯಡಿ ನಕ್ಕು, ಅದು ಯಾರ ಮನೆಯ ಮಡಕೆ ಎಂದು ತಮಗೆ ಗೊತ್ತೆಂದರು. ಕೊನೆಗೆ ಬಂದಾಗ ಬೆರಳು ಆ ಸಾಲಿನ ಮೇಲೆ ನಿಂತಿತು. ಶುಭಕಾರ್ಯದ ದಿನ ಹೂವಿನ ಹಾರದ ಮುಂದೆ ಇಂಥ ಮಾತು ಬೇಡ, ತೆಗೆದುಬಿಡು ಎಂದರು. ನಾನು ತೆಗೆಯುವುದಿಲ್ಲ ಎಂದೆ. ಯಜಮಾನರು ನಮ್ಮಿಬ್ಬರನ್ನೂ ನೋಡದೆ ಮೆಷಿನ್ನಿಗೆ ಎಣ್ಣೆ ಬಿಡುತ್ತಿದ್ದರು. ಪಟೇಲರು ಹಟಮಾರಿಯಲ್ಲ. ಊರಿನ ನೂರು ಜಗಳ ತೀರಿಸಿದವರು. ಯೋಚಿಸಿ ಒಂದು ದಾರಿ ಕಂಡುಕೊಂಡರು.

"ಬಟ್ಟೇಲಿರ್ಲಿ. ಬಾಯಲ್ಲಿ ಬ್ಯಾಡ."

ಅಚ್ಚಾಗಲಿ, ಆದರೆ ಸಭೆಯಲ್ಲಿ ಓದುವ ಹನೂರು ಸ್ಕೂಲಿನ ಹೆಡ್ಮಾಸ್ಟರು ಆ ಸಾಲನ್ನು ಬಿಟ್ಟು ಓದುವುದು. ನಾನು ಒಪ್ಪಿದೆ. ಗೆದ್ದೆನೆಂದೇ ಅಂದುಕೊಂಡೆ. ಬಾಯಿಯ ಮಾತು ಸಂಜೆಗೆ ಹಾರಿಹೋಗುತ್ತದೆ, ಬಟ್ಟೆಯದು ಉಳಿಯುತ್ತದೆ, ನರ್ಸಮ್ಮ ಮನೆಗೆ ಹೋಗಿ ಓದಿಕೊಳ್ಳುತ್ತಾರೆ.

ರೇಷ್ಮೆಯ ಮೇಲೆ ಅಚ್ಚು ಹಾಕುವುದು ಕಾಗದದ ಮೇಲೆ ಹಾಕಿದಂತಲ್ಲ. ಬಟ್ಟೆ ಜಾರುತ್ತದೆ. ತೆಳು ಗಂಜಿ ಸವರಿ ಅದನ್ನು ದಪ್ಪ ಕಾಗದಕ್ಕೆ ಅಂಟಿಸಿ, ನೆರಳಿನಲ್ಲಿ ಒಣಗಿಸಬೇಕು. ಗಂಜಿ ಹೆಚ್ಚಾದರೆ ಮಸಿ ಕೂರದು. ಕಡಿಮೆಯಾದರೆ ಮೊಳೆ ಒತ್ತುವಾಗ ಬಟ್ಟೆ ಸರಿದು ಪ್ರತಿ ಅಕ್ಷರಕ್ಕೂ ನೆರಳು ಬೀಳುತ್ತದೆ. ಸಾಹುಕಾರರು ಕೊಟ್ಟಿದ್ದು ಒಂದೇ ತುಂಡು, ಅಂಚಿನಿಂದ ಕತ್ತರಿಸಿದ ಪಟ್ಟಿಯ ಮೇಲೆ ಮೊದಲು ಪರೀಕ್ಷೆ. ಮಸಿ ಹರಡಿ ಅಕ್ಷರಗಳು ಕಂಬಳಿಹುಳುಗಳಂತಾದವು. ಯಜಮಾನರು ಮಸಿಯನ್ನು ಗಾಜಿನ ಮೇಲೆ ಹರವಿ ಗಾಳಿಗೆ ಬಿಟ್ಟು ಗಟ್ಟಿ ಮಾಡಿದರು. ಎರಡನೆಯ ಪಟ್ಟಿ ಪರವಾಗಿಲ್ಲ. ಮೂರನೆಯದಕ್ಕೆ ತಲೆಯಾಡಿಸಿ, ಮೆಷಿನ್ನು ತುಳಿಯುವ ಟ್ರೆಡಲ್ಲಿನ ಮೇಲೆ ತಾವೇ ಕಾಲಿಟ್ಟರು. ಒಂದೇ ಒತ್ತು. ಬಟ್ಟೆಯ ಹಿಂಬದಿಗೆ ಒದ್ದೆ ಅರಿವೆ ಸವರಿ ಕಾಗದವನ್ನು ಬಿಡಿಸಿದಾಗ ಅಕ್ಷರಗಳು ಬೆಳಕಿಗೆ ಹಿಡಿದ ಎಲೆಯ ನರದಂತೆ ಕಂಡವು.

ಅದನ್ನು ನೋಡಲು ಸಾಹುಕಾರರೂ ಬಂದಿದ್ದರು. ಬಟ್ಟೆಯನ್ನು ಬೆರಳ ನಡುವೆ ಹಿಡಿದು, ಮೊದಲು ಅದರ ನೂಲನ್ನು ಮೆಚ್ಚಿಕೊಂಡು, ಆಮೇಲೆ ಓದಿದರು. ಒಳ್ಳೆಯ ಮನುಷ್ಯ. ಅವರನ್ನು ಕೆಟ್ಟವರನ್ನಾಗಿ ಮಾಡಿದ್ದರೆ ಈ ಕಥನ ನನಗೆ ಇನ್ನೂ ಸಲೀಸಾಗುತ್ತಿತ್ತು.

"ಬರವಣಿಗೆ ಅದ ನಿನ್ ಕೈಲಿ. ಅದ್ಕೇ ಕರೀತಿರೋದು ನಾನು. ಕವಿತೆ ಗಿವಿತೆ ಭಾನ್ವಾರ ಬರ್ಕೊ, ಬ್ಯಾಡಾ ಅಂದೋರ್ಯಾರು? ಮಿಕ್ಕಿದ್ ದಿನ ನಂಗೆ ಬರಿ."

ನ್ಯಾಯವಾದ ಮಾತು. ನಾನು ತಲೆಯಾಡಿಸಿದೆ.

ಬೀಳ್ಕೊಡುಗೆ ಹನೂರಿನ ಆಸ್ಪತ್ರೆಯ ಮುಂದೆ ಹಾಕಿದ್ದ ಚಪ್ಪರದಲ್ಲಿ, ಬೆಳಗಿನ ಹೊತ್ತು. ನರ್ಸಮ್ಮನನ್ನು ನಾನು ನೋಡಿದ್ದು ಅಲ್ಲೇ. ಗಿಡ್ಡ ಹೆಂಗಸು, ಹಾರದ ಭಾರಕ್ಕೆ ಕುತ್ತಿಗೆ ಸ್ವಲ್ಪ ಮುಂದಕ್ಕೆ. ಹೆಡ್ಮಾಸ್ಟರು ಕಂಚಿನ ಕಂಠದಲ್ಲಿ ಓದಲು ತೊಡಗಿದರು. ಅವರ ಕಂಠ ದೊಡ್ಡ ದೊಡ್ಡ ಮಾತುಗಳಿಗೆ ಪಳಗಿದ್ದು. ಮಡಕೆ, ಕತ್ತರಿ ಬಂದಾಗ ತಡವರಿಸಿತು. ಹೆಂಗಸರ ಕಡೆಯಿಂದ ನಗು ಎದ್ದ ಮೇಲೆ ಅವರಿಗೂ ರುಚಿ ಹತ್ತಿತು. ಬೈಗುಳದ ಸಾಲನ್ನು ಯಾರೂ ಕೇಳದಿದ್ದರೂ ಇನ್ನೊಮ್ಮೆ ಓದಿದರು. ನಾನು ಚಪ್ಪರದ ಹಿಂದೆ ನಿಂತಿದ್ದೆ. ನಾನು ಬರೆದದ್ದಕ್ಕೆ ಜನ ನಗುವುದನ್ನು ಅದುವರೆಗೆ ಕೇಳಿರಲಿಲ್ಲ.

ಕಂಬ ಹಿಡಿದು ನಿಂತಿದ್ದವಳು ಇಲ್ಲೂ ನಿಂತೇ ಇದ್ದಳು. ಹೆಡ್ಮಾಸ್ಟರು ಆ ಸಾಲಿಗೆ ಬಂದು, ಒಂದು ಉಸಿರಿನಷ್ಟು ತಡೆದು, ದಾಟಿಹೋದರು. ಅವಳಿಗೆ ತಿಳಿಯಲಿಲ್ಲ. ಇನ್ನೂ ಬರುತ್ತದೆಂದು ಕಾಯುತ್ತಿದ್ದಳು. ಚಪ್ಪಾಳೆ ಬಿದ್ದ ಮೇಲೂ ಸ್ವಲ್ಪ ಹೊತ್ತು ಕಾದಳು. ಆಮೇಲೆ ಸೆರಗು ಸುತ್ತಿಕೊಂಡು ಶಾಗ್ಯದ ಗಾಡಿಯ ಕಡೆ ಹೋದಳು.

ಕೊಳ್ಳೇಗಾಲದ ಬಸ್ಸಿನಲ್ಲಿ ನರ್ಸಮ್ಮ ಮುಂದಿನ ಸೀಟಿನಲ್ಲಿದ್ದರು, ನಾನು ಅವರ ಹಿಂದೆ. ಅವರು ಆ ರಾತ್ರಿ ಕೊಳ್ಳೇಗಾಲದಲ್ಲಿ ಪರಿಚಯದವರ ಮನೆಯಲ್ಲಿದ್ದು ಬೆಳಿಗ್ಗೆ ಸತ್ಯಮಂಗಲದ ಬಸ್ಸು ಹಿಡಿಯುವವರು. ನಾನು ಸಂಜೆ ಕಾರು ಹತ್ತುವವನು. ಬಿನ್ನವತ್ತಳೆ ಬರೆದವನು ನಾನೆಂದು ಯಾರೋ ಅವರಿಗೆ ಹೇಳಿದ್ದರು. ಊರು ದಾಟಿದ ಮೇಲೆ ಹಿಂದಕ್ಕೆ ತಿರುಗಿ, ಸುರುಳಿ ಬಿಚ್ಚಿ ನನ್ನ ಮುಂದೆ ಹಿಡಿದರು.

"ತಂಬಿ, ಎಡ್ಮಾಸ್ಟ್ರು ಒಂದು ವರಿ ಬಿಟ್ಟುಟ್ಟಾರು. ಕಣ್ಣು ಕೆಳಗೆ ಓಯ್ತು, ಬಾಯಿ ಓಗಲಿಲ್ಲ. ನಾನು ಪಾತ್ತೆ. ಅದು ಓದು."

ಒಂದು ಸಾಲು ಬಿಟ್ಟದ್ದನ್ನು ಅವರು ನೋಡಿದ್ದರು. ನಾನು, ನೀವೇ ಓದಿಕೊಳ್ಳಬಹುದಲ್ಲ ಎಂದೆ. ಅವರು ನಕ್ಕರು. ಇಷ್ಟು ವರ್ಷದಲ್ಲಿ ಕನ್ನಡ ಬಾಯಿಗೆ ಬಂದಿತ್ತು, ಕಣ್ಣಿಗೆ ಬಂದಿರಲಿಲ್ಲ. ರೇಷ್ಮೆಯ ಮೇಲಿನ ಆ ಅಕ್ಷರಗಳು ಅವರಿಗೆ ಬರೀ ಹೂಬಳ್ಳಿ.

ಸಾಲನ್ನು ಓದಿದೆ. ಅವರು ಮತ್ತೆ ಓದಿಸಿದರು. ಯಾರು ಹೇಳಿದ್ದು ಎಂದು ಕೇಳಿದರು. ಶಾಗ್ಯದ ಒಬ್ಬ ಹೆಂಗಸು ಎಂದೆ. ನರ್ಸಮ್ಮ ಕಿಟಕಿಯ ಹೊರಗೆ ನೋಡುತ್ತ ಬಹಳ ಹೊತ್ತು ಯೋಚಿಸಿದರು. ಬಂದ ಹೊಸದರಲ್ಲಿ ಎಷ್ಟೋ ಮನೆಗಳಲ್ಲಿ ಹಾಗಾಗಿತ್ತಂತೆ. ಕರೆಯುವಷ್ಟರಲ್ಲೇ ತಡವಾಗಿರುತ್ತಿತ್ತು. ಎಲ್ಲ ಕಡೆಯೂ ಕೂತಿದ್ದರು. ಇದು ಯಾವ ಮನೆ?

"ಪೇರು ಎನ್ನ ಅವಳಿಗೆ?"

ಅವಳ ಹೆಸರು ನನಗೆ ಗೊತ್ತಿರಲಿಲ್ಲ.

"ಎಲ್ಲಾ ಮನೇಲೂ ಕೂತಿದ್ದೆ ತಂಬಿ. ಪೇರು ಇಲ್ದೆ ನಾನು ಯಾರನ್ನ ನೆನೀಲಿ?"

ಅದು ದೂರಿನ ದನಿಯಲ್ಲ. ನಿಜವಾಗಿಯೂ ನೆನೆಯಬೇಕೆಂದು ಕೇಳುತ್ತಿದ್ದರು. ನಾನು ಆ ಸಾಲನ್ನು ನೋಡಿದೆ. ಅಷ್ಟು ಮೊಳೆ ಒಡೆದು ಕಟ್ಟಿದ ಸಾಲು. ಯಾವ ಊರಿನ ಯಾವ ನರ್ಸಿಗೆ ಬೇಕಾದರೂ ಹೊಂದುತ್ತಿತ್ತು.

ಮಧುವನಹಳ್ಳಿಯಲ್ಲಿ ಇಳಿದೆ. ಇಲ್ಲಿ ನನ್ನ ಬಳಿ ಎರಡು ನೆನಪುಗಳಿವೆ. ಒಂದರಲ್ಲಿ, ನಾನು ಸೀಟಿನಿಂದೆದ್ದು ಕಂಡಕ್ಟರನಿಗೆ ನಿಲ್ಲಿಸು ಎನ್ನುತ್ತೇನೆ, ನರ್ಸಮ್ಮನಿಗೆ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಹೆಸರು ತಂದು ಹೇಳುತ್ತೇನೆ ಎನ್ನುತ್ತೇನೆ. ಇನ್ನೊಂದರಲ್ಲಿ, ಬಸ್ಸು ಎಂಜಿನ್ನಿಗೆ ನೀರು ಹಾಕಿಕೊಳ್ಳಲು ನಿಂತಿದೆ, ನಾನು ಕಾಲು ಚಾಚಲು ಇಳಿದಿದ್ದೇನೆ, ಎದುರಿನಿಂದ ಹನೂರಿನ ಬಸ್ಸು ಧೂಳೆಬ್ಬಿಸಿಕೊಂಡು ಬರುತ್ತಿದೆ, ಕೈ ತಾನಾಗಿ ಅಡ್ಡ ಹೋಗುತ್ತದೆ. ಎರಡನೆಯದೇ ನಿಜವಿರಬೇಕು. ಕೊಳ್ಳೇಗಾಲ ಕೂಗಳತೆಯಲ್ಲಿತ್ತು ಎಂಬುದು ಮಾತ್ರ ಎರಡರಲ್ಲೂ ಇದೆ. ಹಿಂದಿರುಗಿದರೆ ಸಂಜೆಯ ಕಾರು ತಪ್ಪುತ್ತದೆ ಎಂಬುದೂ.

ಶಾಗ್ಯ ತಲುಪಿದಾಗ ದನಗಳು ಮನೆಗೆ ಬರುತ್ತಿದ್ದವು. ಕಂಬ ಹಿಡಿದು ನಿಂತಿದ್ದವಳು ತನ್ನ ಹಟ್ಟಿಯ ಮುಂದೆ ಹುರುಳಿ ಕೇರುತ್ತಿದ್ದಳು. ನನ್ನನ್ನು ಕಂಡು ಮೊರ ಕೆಳಗಿಟ್ಟಳು. ನಿಮ್ಮ ಮಾತು ಬಟ್ಟೆಯಲ್ಲಿದೆ, ಓದುವಾಗ ಬಿಟ್ಟರು, ಬಸ್ಸಿನಲ್ಲಿ ನಾನು ನರ್ಸಮ್ಮನಿಗೆ ಓದಿ ಹೇಳಿದೆ ಎಂದೆ. ಏನೆಂದು ಬರೆದಿದ್ದೀರಿ ಎಂದು ಕೇಳಿದಳು. ಸಾಲನ್ನು ಹೇಳಿದೆ.

"ಅಷ್ಟೆಯಾ?" ಎಂದಳು.

ಅಷ್ಟೇ ಎಂದೆ. ನರ್ಸಮ್ಮ ಹೆಸರು ಕೇಳುತ್ತಿದ್ದಾರೆ ಎಂದೂ ಹೇಳಿದೆ.

"ಮಾದೇವಿ ಅಂತ. ಅಂಗಂದ್ರ ಏನ್ ಗೊತ್ತಾದ್ದು ಸಾ? ಮಾದಪ್ಪನ್ ಬೆಟ್ಟದ್ ಸೀಮೇಲಿ ಮಾದೇವೀರ್ಗೆ ಬರವಾ?" ಮೊರದ ಅಂಚನ್ನು ಬೆರಳಿನಿಂದ ತಟ್ಟುತ್ತ ಯೋಚಿಸಿದಳು. ಮುಖದಲ್ಲಿ ಏನೋ ಸಡಿಲವಾಯಿತು. "ಮುದ್ದೆ ಅಗುದ್ ಮನೆ ಅನ್ನಿ. ಗೊತ್ತಾಯ್ತದ."

ನನಗೆ ಅರ್ಥವಾಗಲಿಲ್ಲ. ಅವಳು ಹೇಳಿದಳು. ಗಂಡಸರು ಕೂಸನ್ನು ಹೊಲದ ಕಡೆ ಎತ್ತಿಕೊಂಡು ಹೋದ ಮೇಲೆ ಪಕ್ಕದ ಮನೆಯವರು ಮುದ್ದೆ, ಹುರುಳಿಕಾಳಿನ ಸಾರು ತಂದಿಟ್ಟರು. ಇವಳು ಮುಟ್ಟಲಿಲ್ಲ. ನರ್ಸಮ್ಮ ಈ ಕಡೆಗೆ ಹೊಸಬರು, ಮುದ್ದೆ ಕಂಡವರಲ್ಲ. ನೀನು ತಿನ್ನುವವರೆಗೆ ನಾನು ಏಳುವುದಿಲ್ಲ ಎಂದು ತಾವೇ ಒಂದು ತುತ್ತು ಮುರಿದು ಬಾಯಿಗಿಟ್ಟುಕೊಂಡರು. ನುಂಗುವುದನ್ನು ಬಿಟ್ಟು ಅಗಿದರು.

"ಅಲ್ಲು, ದವಡೆ ಎಲ್ಲಾ ಮೆತ್ಕಂಡ್ಬುಡ್ತು. ಬಾಯಿ ಬಿಡಕ್ಕಾಗ್ದು, ಬೋಯ್ಯಕ್ಕಾಗ್ದು. ಬಾಯ್ಗೆ ಬೆರ್ಳಾಕಿ ಎಳೀತಾ ಕೂತ್ರು. ನಾ ನಕ್ಬುಟ್ಟಿ ಸಾ. ಕೂಸ್ ಓದ್ ದಿನ ನಕ್ಬುಟ್ಟಿ. ನಮ್ಮತ್ತೆ ನನ್ನ ಬೋದ್ರು. ಆಮ್ಯಾಲ್ ಅವ್ರೂ ನಕ್ರು. ನುಂಗೋದ್ ಯಂಗೆ ಅಂತ ನಾನೇ ಉಂಡ್ ತೋರುಸ್ದಿ."

ಹೀಗೆ ಅವಳು ಊಟ ಮಾಡಿದ್ದಳು.

ನಾನು ಅವಳೆದುರು ನೆಲದ ಮೇಲೆ ಕೂತುಬಿಟ್ಟಿದ್ದೆ. ಆ ಹೊತ್ತಿಗೆ ಸಾಹುಕಾರರ ಕಾರು ಹೊರಟಿರಬೇಕು. ಆಗ ಅದು ನನ್ನ ಮನಸ್ಸಿನಲ್ಲಿತ್ತೆ? ಇತ್ತು. ಸಂಬಳವೂ ಇತ್ತು, ಅಕ್ಕನ ಮುಖವೂ ಇತ್ತು. ಅವುಗಳ ಜೊತೆಗೇ, ಈ ಮಾತನ್ನು ಹೇಗೆ ಬರೆಯುವುದು, ನಗುವನ್ನು ಮೊದಲು ಹೇಳುವುದೋ ಸಾವನ್ನೋ ಎಂದು ಒಂದು ತುರಿಕೆಯೂ ಶುರುವಾಗಿತ್ತು. ಮಿಕ್ಕವೆಲ್ಲ ಇದ್ದಲ್ಲೇ ಇದ್ದವು. ಇದೊಂದು ಮಾತ್ರ ಸುಮ್ಮನಿರಲಿಲ್ಲ.

ಪಟೇಲರ ಮನೆಯಲ್ಲಿ ಉಳಿದು, ಬೆಳಗಿನ ಮೊದಲ ಬಸ್ಸಿಗೆ ಕೊಳ್ಳೇಗಾಲಕ್ಕೆ ಬಂದೆ. ಸತ್ಯಮಂಗಲದ ಬಸ್ಸಿನ ಪಕ್ಕದಲ್ಲಿ ನರ್ಸಮ್ಮ ತಗಡಿನ ಪೆಟ್ಟಿಗೆಯ ಮೇಲೆ ಕೂತಿದ್ದರು. ಮಾದೇವಿ ಎಂದೆ. ಅವರು ತಲೆಯಾಡಿಸಿದರು, ಗುರುತು ಹತ್ತಲಿಲ್ಲ. ಮುದ್ದೆ ಅಗಿದ ಮನೆ ಎಂದೆ.

ಅವರ ಕೈ ಬಾಯಿಗೆ ಹೋಯಿತು. "ಅಯ್ಯೋ ಕಡವುಳೇ," ಎಂದು ದೇವರನ್ನು ಕರೆದು ನಗತೊಡಗಿದರು. ಭುಜ ಕುಲುಕುತ್ತಿತ್ತು. ಅತ್ತೆಗೆ ಮುಂದಿನ ಹಲ್ಲಿರಲಿಲ್ಲ, ಆ ಮುದುಕಿ ಗುಳುಕ್ಕನೆ ನುಂಗುತ್ತಿದ್ದಳು, ಹಲ್ಲಿದ್ದ ತಮಗೆ ಆಗಲಿಲ್ಲ ಎಂದು ಕನ್ನಡ ತಮಿಳು ಕಲಸಿ ಹೇಳಿದರು. ಮನೆಯ ಬಾಗಿಲು ಯಾವ ಕಡೆಗಿತ್ತು, ಒಳಗೆ ಆಡು ಎಲ್ಲಿ ಕಟ್ಟಿತ್ತು, ಎಲ್ಲ ಒಂದರ ಹಿಂದೊಂದು ಬಂತು. ಡ್ರೈವರು ಹಾರನ್ ಮಾಡಿದ. ಪೆಟ್ಟಿಗೆ ಮೇಲೇರಿತು. ಕಿಟಕಿಯ ಬಳಿ ಕೂತ ಮೇಲೆ ಅವರ ನಗು ನಿಂತಿತ್ತು.

"ಪೊಣ್ಣು ಕೊಳಂದೆ ಅದು," ಎಂದರು. ಹೆಣ್ಣು ಕೂಸು. "ತಲೆ ತುಂಬ ಕೂದಲು."

ಬಸ್ಸು ಹೊರಟಿತು. ಆಮೇಲೆ ಅವರನ್ನು ನಾನು ನೋಡಿಲ್ಲ. ಸೇಲಂಗೆ ಬೇರೊಬ್ಬರು ಹೋದರು, ಚೆನ್ನಾಗಿಯೇ ಬಾಳಿದರು. ಅಕ್ಕ ಕೆಲವು ಭಾನುವಾರ ಮಾತಾಡಲಿಲ್ಲ. ತುಪ್ಪ ಬಹಳ ಕಾಲ ಬೀಳಲಿಲ್ಲ. ಈಗ ಆ ರೇಷ್ಮೆಯನ್ನು ನೆನೆದರೆ ಅದರಲ್ಲಿ ಮುದ್ದೆಯ ಮಾತು ಅಚ್ಚಾಗಿರುವುದು ಸ್ಪಷ್ಟವಾಗಿ ಕಾಣುತ್ತದೆ, ಕೆಳಗಿನಿಂದ ಮೂರನೆಯ ಸಾಲು, ಸ್ವಲ್ಪ ಓರೆಯಾದ 'ದ್ದೆ' ಸಮೇತ. ಇರಲು ಸಾಧ್ಯವಿಲ್ಲ. ಅಚ್ಚಾದಾಗ ನನಗೆ ಅದು ಗೊತ್ತೇ ಇರಲಿಲ್ಲ. ಎಲ್ಲೋ ಒಂದು ತಗಡಿನ ಪೆಟ್ಟಿಗೆಯಲ್ಲಿ ಆ ಸಾಲಿಲ್ಲದ ಬಟ್ಟೆ ಮಡಿಸಿ ಬಿದ್ದಿದೆ. ಅದನ್ನು ಒಮ್ಮೆ ಕೈಗೆ ತೆಗೆದುಕೊಳ್ಳಬೇಕೆಂಬ ಆಸೆ ಎಷ್ಟು ವರ್ಷವಾದರೂ ಸವೆದಿಲ್ಲ.

ಆ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಿಂದ ನೇರವಾಗಿ ಪ್ರೆಸ್ಸಿಗೆ ಹೋದೆ. ಯಜಮಾನರು ಮೆಷಿನ್ನು ಒರೆಸುತ್ತಿದ್ದರು. ನಾನು ಕೇಸಿನ ಮುಂದೆ ನಿಂತು ಮೊಳೆ ಎತ್ತತೊಡಗಿದ ಮೇಲೆ, ಯಾವ ಗಿರಾಕಿಯ ಕೆಲಸ ಎಂದರು. ಗಿರಾಕಿ ಇಲ್ಲ ಎಂದೆ.

"ಸಂಜೆಗೆ ಮೊಳೆ ವಾಪಸ್ ಬೇಕು. ಮದ್ವೆ ಕಾಗ್ದ ಅದ."

ಆಗಲಿ ಎಂದೆ. ಮುದ್ದೆ ಅಗಿದ ಮನೆಯ ಮಾತನ್ನು ಜೋಡಿಸಿದೆ, ಕಿತ್ತೆ, ಮತ್ತೆ ಜೋಡಿಸಿದೆ. ಮಧ್ಯಾಹ್ನ ಯಜಮಾನರು ತಮ್ಮ ಬುತ್ತಿಯ ಅರ್ಧವನ್ನು ನನ್ನ ಪಕ್ಕದಲ್ಲಿಟ್ಟು ಹೋದರು. ಬಿಸಿಲು ಬಾಗಿಲಿಗೆ ಬಂದು, ಒಳಗೆ ಬಂದು, ಹಿಂದೆ ಸರಿಯಿತು. ಮದುವೆ ಕಾಗದದವರು ಬಂದು ಬೆಂಚಿನ ಮೇಲೆ ಕೂತರು. ನಾನಿನ್ನೂ ಮಾದೇವಿ ನಗುವ ಜಾಗಕ್ಕೆ ಬಂದಿರಲಿಲ್ಲ.